ಬಟರ್ ಫ್ರೂಟ್ ಗಿಡದ ಬುಡದಲ್ಲಿ ನೀರು ನಿಲ್ಲಿಸಬೇಡಿ

ಈಗ ಯಾರ ಮನೆಗೆ ಹೋದರೂ ಕಿಟಕಿಯಲ್ಲೊಂದು ಗಾಜಿನ ಲೋಟ, ಅದರಲ್ಲಿ ಮೈತುಂಬ ಹಲ್ಲುಕಡ್ಡಿ ಚುಚ್ಚಿಸಿಕೊಂಡ ಬಟರ್ ಫ್ರೂಟ್ ಬೀಜ. ಬೇರು ಬಂದ ಕೂಡಲೇ ಫೋಟೋ. ಆಮೇಲೆ ಅಂಗಳದ ತಗ್ಗಿನಲ್ಲಿ ಆಳವಾದ ಗುಂಡಿ ತೋಡಿ ನೆಟ್ಟು, ಎರಡು ಹೊತ್ತು ಕೊಡಗಟ್ಟಲೆ ನೀರು. ಎಲೆ ಹಳದಿಯಾದರೆ ಇನ್ನೊಂದು ಕೊಡ. ನೀರು ಕುಡಿದೇ ಗಿಡ ಸಾಯುತ್ತಿದೆ ಅಂತ ಹೇಳಿದರೆ ನಂಬುವುದಿಲ್ಲ, ಮೊಬೈಲ್ ತೆಗೆದು ನೋಡುತ್ತಾರೆ.

ಬೀಜದ ಗಿಡ ಬೇಡ ಅನ್ನುವುದಿಲ್ಲ. ಆದರೆ ಅದು ಕಾಯಿ ಬಿಡಲು ಆರೇಳು ವರ್ಷ, ಒಮ್ಮೊಮ್ಮೆ ಹತ್ತು ವರ್ಷವೂ ಹಿಡಿಯುತ್ತದೆ. ಬಿಟ್ಟ ಹಣ್ಣು ತಾಯಿಮರದ ಹಾಗೇ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದವರ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳು ನಮ್ಮ ಕಡೆಗೆ ಹೊಂದುತ್ತವೆ. ಎಲ್ಲರೂ ಹೊರದೇಶದ ತಳಿ ಹ್ಯಾಸ್, ಹ್ಯಾಸ್ ಅಂತ ಕುಣಿಯುವುದು ಯಾಕೋ ನನಗೆ ತಿಳಿಯದು.

ಈ ಮರದ ಉಣ್ಣುವ ಬೇರುಗಳೆಲ್ಲ ಮಣ್ಣಿನ ಮೇಲ್ಪದರದಲ್ಲೇ, ಒಂದು ಗೇಣಿನೊಳಗೇ ಇರುತ್ತವೆ. ನೀರು ನಿಂತರೆ ಅವಕ್ಕೆ ಉಸಿರು ಕಟ್ಟುತ್ತದೆ. ಆಗಲೇ ಫೈಟಾಫ್ತೊರಾ ಎಂಬ ಬೇರು ಕೊಳೆಸುವ ರೋಗಾಣು ಹತ್ತಿಕೊಳ್ಳುವುದು. ಅಡಿಕೆಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ ತರುತ್ತದಲ್ಲ, ಅದೇ ಬಳಗದ್ದು. ಮಲೆನಾಡಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೇ?

ಅದಕ್ಕೇ ನಾನು ಗುಂಡಿಯಲ್ಲಿ ನೆಡುವುದೇ ಇಲ್ಲ, ದಿಬ್ಬದ ಮೇಲೆ ನೆಡುತ್ತೇನೆ. ಮೊದಲು ಜಾಗ ಪರೀಕ್ಷೆ: ಸಣ್ಣ ಕುಣಿ ಮಾಡಿ ಒಂದು ಕೊಡ ನೀರು ಸುರಿದು, ಒಳಗೆ ಹೋಗಿ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬನ್ನಿ. ನೀರು ಇನ್ನೂ ಅಲ್ಲೇ ಇದ್ದರೆ ಆ ಜಾಗ ಬಿಡಿ. ಇಂಗಿದ್ದರೆ ಕುಣಿ ಮುಚ್ಚಿ, ಅದರ ಮೇಲೆ ಮೇಲ್ಮಣ್ಣು, ಹಳೇ ತರಗೆಲೆಯ ಗೊಬ್ಬರ, ಸ್ವಲ್ಪ ಮರಳು ಕಲಸಿ ಮೊಣಕಾಲೆತ್ತರ ಗುಡ್ಡೆ ಹಾಕಿ. ಅಗಲ ಎರಡೂ ಕೈ ಚಾಚಿದಷ್ಟಿರಲಿ; ಚೂಪಾದ ಗುಡ್ಡೆ ಮೊದಲ ಜಡಿಮಳೆಗೇ ಕರಗಿ ಹೋಗುತ್ತದೆ. ಹಸಿ ಸಗಣಿ ಬೇಡ, ಬೇರು ಸುಡುತ್ತದೆ. ಕಾಲಲ್ಲಿ ತುಳಿದು ಗಟ್ಟಿ ಮಾಡಲೂ ಬೇಡಿ. ಏಪ್ರಿಲ್‌ನ ಒಂದೆರಡು ಮಳೆ ಅದರ ಮೇಲೆ ಬಿದ್ದು ಮಣ್ಣು ತಾನಾಗಿ ಕೂರಲಿ, ಕುಸಿದಲ್ಲಿ ಮತ್ತೊಂದು ಬುಟ್ಟಿ ಹಾಕಿ, ಆಮೇಲೆ ಗಿಡ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಬೇಕು. ದಿಬ್ಬದ ಮೇಲ್ಬದಿಗೆ ಅರ್ಧಚಂದ್ರದಂತೆ ಕಾಲುವೆ ಕೊರೆದರೆ ಇಳಿಜಾರಿನ ನೀರು ಪಕ್ಕಕ್ಕೆ ಹೋಗುತ್ತದೆ. ಕೊನೆಗೆ ದಪ್ಪಗೆ ತರಗು ಹೊದಿಸಿ, ಕಾಂಡದ ಸುತ್ತ ಮಾತ್ರ ಅಂಗೈಯಗಲ ಖಾಲಿ ಬಿಡಿ. ಕಾಂಡಕ್ಕೆ ತರಗು ತಾಗಿದರೆ ಕೊಳೆಯುತ್ತದೆ. ನನ್ನ ಮಾವನವರು ಕಾಫಿ ತೋಟದ ನೆರಳಿಗೆಂದು ಹೀಗೇ ನೆಡಿಸಿದ ಮರಗಳು ಇವತ್ತಿಗೂ ಕಾಯಿ ಬಿಡುತ್ತಿವೆ. ಆಗ ಈ ಹಣ್ಣು ಕೇಳುವವರಿರಲಿಲ್ಲ, ಬಿದ್ದಲ್ಲೇ ಕೊಳೆಯುತ್ತಿತ್ತು.

ನೆಟ್ಟ ಮೇಲೆ ಬುಡದಲ್ಲಿ ಗುದ್ದಲಿ ಆಡಿಸಬೇಡಿ. ಕಳೆಯನ್ನು ಕೈಯಲ್ಲೇ ಕೀಳಿ. ಎಳೇ ಕಾಂಡ ಬೇಸಿಗೆಯ ಬಿಸಿಲಿಗೆ ಸುಡುತ್ತದೆ, ಸುಣ್ಣ ಬಳಿಯಿರಿ. ಕಡಿದ ಸೊಪ್ಪನ್ನು ದನಕ್ಕೂ ಆಡಿಗೂ ಹಾಕಬಾರದು, ಅವಕ್ಕೆ ಅದು ವಿಷ.

ಹೂವು ರಾಶಿ ಬಂದು ಉದುರಿದರೆ ಗಾಬರಿ ಬೇಡ, ಇದರ ಸ್ವಭಾವವೇ ಅದು. ಒಂದೇ ಹೂ ಮೊದಲು ಹೆಣ್ಣಾಗಿ ಅರಳಿ ಮುಚ್ಚಿಕೊಂಡು, ಮಾರನೇ ದಿನ ಗಂಡಾಗಿ ಅರಳುತ್ತದೆ. ಕೆಲವು ಜಾತಿ ಬೆಳಿಗ್ಗೆ ಹೆಣ್ಣು, ಕೆಲವು ಮಧ್ಯಾಹ್ನ. ಅದಕ್ಕೇ ಎರಡು ಬಗೆಯ ಮರ ಹತ್ತಿರವಿದ್ದರೆ ಕಾಯಿ ಹೆಚ್ಚು.

ಇನ್ನು ಮರದಲ್ಲೇ ಹಣ್ಣಾಗಲಿ ಎಂದು ಕಾಯುವ ಬುದ್ಧಿವಂತರು. ಇದು ಮರದಲ್ಲಿ ಹಣ್ಣಾಗುವುದೇ ಇಲ್ಲ, ಬಲಿಯುತ್ತದೆ ಅಷ್ಟೇ. ಸಿಪ್ಪೆಯ ಹೊಳಪು ಹೋದಾಗ ಒಂದು ಕಾಯಿ ಕೊಯ್ದು ಸೀಳಿ ನೋಡಿ. ಬೀಜದ ಹೊದಿಕೆ ಕಂದಾಗಿ ಕಾಗದದ ಹಾಗೆ ಒಣಗಿದ್ದರೆ ಬಲಿತಿದೆ. ಬಿಳಿಯಿದ್ದರೆ ಬಿಡಿ, ಅಂಥದ್ದು ಸುಕ್ಕುಗಟ್ಟಿ ರಬ್ಬರಾಗುತ್ತದೆ. ತುಸು ತೊಟ್ಟು ಉಳಿಸಿ ಕೊಕ್ಕೆಯಿಂದ ಕೊಯ್ಯಿರಿ. ಮಳೆಯಲ್ಲಿ ಮರ ಹತ್ತಿಸಬೇಡಿ, ಕೊಂಬೆ ಪಟ್ಟನೆ ಮುರಿಯುತ್ತದೆ.

ಹಣ್ಣು ಮಾಡಲು ಅಕ್ಕಿ ಡಬ್ಬದಲ್ಲಿ ಒಂದು ಬಾಳೆಹಣ್ಣಿನ ಜೊತೆ ಹೂತಿಡಿ. ಅಕ್ಕಿ ಎಂದಾಗ ನೆನಪಾಯಿತು: ಬಿಸಿಲಿಗೆ ಹಾಕಿದ ಅಕ್ಕಿಯನ್ನು ಬಿಸಿಬಿಸಿಯಾಗೇ ಡಬ್ಬಕ್ಕೆ ತುಂಬಿ ಮುಚ್ಚುತ್ತೀರಲ್ಲ, ಒಳಗೆ ಬೆವರಿ ಹುಳ ಬೀಳದೆ ಇನ್ನೇನಾದೀತು? ಆರಲಿ ಮೊದಲು. ಹಣ್ಣನ್ನು ಹೆಬ್ಬೆರಳಿಂದ ಚಿವುಟಿ ಚಿವುಟಿ ನೋಡುವುದೂ ಬೇಡ, ಒತ್ತಿದಲ್ಲೆಲ್ಲ ಕಪ್ಪಾಗುತ್ತದೆ. ತೊಟ್ಟಿನ ಹತ್ತಿರ ಮೆಲ್ಲಗೆ ಮುಟ್ಟಿದರೆ ಸಾಕು. ಮೆತ್ತಗಾಗುವ ಮೊದಲೇ ಫ್ರಿಜ್ಜಿಗೆ ತಳ್ಳಿದರೆ ಒಳಗೊಳಗೇ ಕೆಡುತ್ತದೆ. ಹಣ್ಣಾದ ಮೇಲೆ ಬೇಕಾದರೆ ಒಂದೆರಡು ದಿನ ಇಟ್ಟುಕೊಳ್ಳಿ.