19 ಮಿಲಿಸೆಕೆಂಡ್ ತಡ

ಡೆಟ್ರಾಯಿಟ್ ಟೆಕ್ನೋ, ಅಂದರೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ, ಅಂದ ಕೂಡಲೇ ಎಲ್ಲರ ಬಾಯಲ್ಲೂ ಅದೇ ಮೂರು ಹೆಸರು: ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ನನಗೆ ಬೀಟ್ ಕಟ್ಟೋದು ಕಲಿಸಿದವರು ಇನ್ನೊಬ್ಬರು, ಆಂಥನಿ ಶಾಕಿರ್. ಎಲ್ಲರೂ ಕರೆಯೋದು ಶೇಕ್ ಅಂತ. ಕಲಿಸಿದ್ದು ಹಾಡುಗಳ ಮೂಲಕ, ನಾನು ಅವರನ್ನು ನೋಡಿಲ್ಲ.

1988ರಲ್ಲಿ ಟೆಕ್ನೋ ಅನ್ನೋ ಹೆಸರನ್ನು ಹೊರಗೆ ಹಬ್ಬಿಸಿದ ಬ್ರಿಟಿಷ್ ಸಂಕಲನದಲ್ಲೇ ಅವರ 'ಸೀಕ್ವೆನ್ಸ್ 10' ಹಾಡು ಇತ್ತು. ಆದರೂ 1994ರಿಂದ 2009ರವರೆಗಿನ ಅವರ ಕೆಲಸ ಒಟ್ಟಾಗಿ ಕೈಗೆ ಸಿಗಲು ಆಮ್‌ಸ್ಟರ್‌ಡ್ಯಾಮಿನ ರಷ್ ಅವರ್ ಅನ್ನೋ ಲೇಬಲ್ (ರೆಕಾರ್ಡ್ ಕಂಪನಿ) ಬೇಕಾಯಿತು. ಅವರ ಸ್ವಂತ ಲೇಬಲ್ಲಿನ ಹೆಸರು ಫ್ರಿಕ್ಷನಲ್, ಅಂದರೆ ತಿಕ್ಕಾಟ. ಕೇಳಿದರೆ ಗೊತ್ತಾಗುತ್ತೆ, ಡ್ರಮ್ಮುಗಳು ಒಂದಕ್ಕೊಂದು ಉಜ್ಜಿಕೊಂಡೇ ಸಾಗುತ್ತವೆ.

ನನ್ನ ಬೀಟ್ ಹಿಟ್ಟಿನ ಗಿರಣಿ ಥರ ಇತ್ತು. ಟುಕ್ ಟುಕ್ ಟುಕ್, ಅಷ್ಟೇ. ನಿಮಿಷಕ್ಕೆ 125 ಬೀಟ್ ಇಟ್ಟರೆ ಒಂದು ಬೀಟಿಗೆ 480 ಮಿಲಿಸೆಕೆಂಡ್, ಅದರ ಕಾಲು ಭಾಗ 120. ಸ್ವಿಂಗ್ ಅಂದರೆ ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತಡ ಮಾಡೋದು; 50 ಅಂದರೆ ನೆಟ್ಟಗೆ, 58 ಅಂದರೆ ಜೋಡಿಯ 240 ಮಿಲಿಸೆಕೆಂಡಿನಲ್ಲಿ ಶೇಕಡಾ 58. ಹಾಗೆ 58ಕ್ಕೆ ತಿರುಗಿಸಿದರೆ ಪ್ರತಿ ಎರಡನೇ ಪೆಟ್ಟು 120ರ ಬದಲು 139ಕ್ಕೆ ಬೀಳುತ್ತೆ. ಬರೀ 19 ಮಿಲಿಸೆಕೆಂಡ್ ತಡ. ಖುಷಿಯಾಗಿ ಹ್ಯಾಟ್ (ಡ್ರಮ್ಮಿನ ತಾಳದ ತಟ್ಟೆ), ಶೇಕರ್ (ಗಿಲಕಿ), ಬೇಸ್ (ಕೆಳಗಿನ ಶ್ರುತಿಯ ನಾದ) ಎಲ್ಲದಕ್ಕೂ ಅದನ್ನೇ ಹಾಕಿದೆ. ಗಿರಣಿ ಕುಂಟತೊಡಗಿತು, ಆದರೆ ಗಿರಣಿಯಾಗೇ ಉಳಿಯಿತು! ಎಲ್ಲರೂ ಒಂದೇ ಸಮ ತಡವಾಗಿ ಬಂದರೆ ಯಾರೂ ತಡವಲ್ಲ ಅಲ್ವಾ?

ಇದು ಹೊಳೆಯೋಕೆ ಮೂರು ವಾರ ಹಿಡಿಯಿತು. ಆಮೇಲೆ ಹ್ಯಾಟನ್ನು ನೆಟ್ಟಗೆ ಬಿಟ್ಟೆ. ಶೇಕರ್‌ಗೆ ಮಾತ್ರ 58. ಕ್ಲ್ಯಾಪನ್ನು, ಅಂದರೆ ಚಪ್ಪಾಳೆ ಸದ್ದನ್ನು, ಕೈಯಲ್ಲೇ 8 ಮಿಲಿಸೆಕೆಂಡ್ ಹಿಂದಕ್ಕೆ ಎಳೆದೆ. ಈಗ ಹ್ಯಾಟಿಗೂ ಶೇಕರಿಗೂ ಜಗಳ ಶುರುವಾಯಿತು. ನನಗೆ ಬೇಕಾಗಿದ್ದೂ ಅದೇ.

ಶೇಕ್ ಥರ ಹಳೇ ರೆಕಾರ್ಡಿನ ತುಣುಕನ್ನೂ ಸೇರಿಸೋಣ ಅಂತ ಒಂದು ಡಿಸ್ಕೋ ಹಾಡಿನ ಎರಡು ಬಾರ್ (ಎಂಟು ಬೀಟ್) ಕತ್ತರಿಸಿದೆ. ಅದು 118ರಲ್ಲಿತ್ತು. ರೆಕಾರ್ಡನ್ನೇ ಜೋರಾಗಿ ತಿರುಗಿಸಿದ ಹಾಗೆ 125ಕ್ಕೆ ಏರಿಸಿದೆ. ವೇಗ ಶೇಕಡಾ 6ರಷ್ಟು ಹೆಚ್ಚಿತು, ಶ್ರುತಿಯೂ ಸರಿಯಾಗಿ ಒಂದು ಸ್ವರಸ್ಥಾನ ಮೇಲೆ ಹೋಯಿತು. ನನ್ನ ಬೇಸ್ ಮಾತ್ರ ಕೆಳಗೇ ಉಳಿದು ಕಿವಿ ಕೊರೆಯುತ್ತಿತ್ತು. ಅದನ್ನೂ ಒಂದು ಮನೆ ಮೇಲಕ್ಕೆ ಸರಿಸಿದೆ.

ಇಷ್ಟಾದರೂ ಏನೋ ಜಾಸ್ತಿಯಾಗಿತ್ತು. ತುಣುಕೊಂದನ್ನೇ ಕೇಳಿದಾಗ ತಿಳಿಯಿತು, ಆ ಕಾಲದ ಡ್ರಮ್ಮರ್ ಮೊದಲೇ ಕಾಲೆಳೆದು ಬಾರಿಸಿದ್ದ. ಶೇಕರನ್ನು 54ಕ್ಕೆ ಇಳಿಸಿ, ಉಳಿದದ್ದನ್ನು ಅವನಿಗೇ ಬಿಟ್ಟೆ.