ಹೊರದೇಶದ ಲೀಗ್‌ಗಳಲ್ಲಿ ಸ್ಟಾಪರ್ ಆಗಿ ಆಡಿದ ನನ್ನ ಅನುಭವ

ಏಷ್ಯಾದ ಅನೇಕ ಫುಟ್‌ಬಾಲ್ ಲೀಗ್‌ಗಳು ಬಹಳ ವರ್ಷ ‘ಮೂರು ಮತ್ತು ಒಂದು’ ಎಂಬ ನಿಯಮವನ್ನು ಪಾಲಿಸಿದವು. ಒಂದು ತಂಡ ಯಾವುದೇ ದೇಶದ ಮೂವರು ವಿದೇಶಿ ಆಟಗಾರರನ್ನು ಇಟ್ಟುಕೊಳ್ಳಬಹುದಿತ್ತು, ಅವರ ಜೊತೆಗೆ ಏಷ್ಯಾ ಫುಟ್‌ಬಾಲ್ ಒಕ್ಕೂಟಕ್ಕೆ ಸೇರಿದ ದೇಶದಿಂದ ಇನ್ನೊಬ್ಬನನ್ನು ಸೇರಿಸಿಕೊಳ್ಳಬಹುದಿತ್ತು. ಆ ನಾಲ್ಕನೆಯ ಜಾಗಕ್ಕೆ ಜಪಾನ್, ಕೊರಿಯಾ, ಉಜ್ಬೇಕಿಸ್ತಾನ, ಸಿರಿಯಾಗಳ ಆಟಗಾರರೂ ಪೈಪೋಟಿಯಲ್ಲಿರುತ್ತಿದ್ದರು. ಗೋಲು ಹೊಡೆಯುವವರನ್ನು ಕ್ಲಬ್‌ಗಳು ಹೆಚ್ಚಾಗಿ ಆಫ್ರಿಕಾದಿಂದಲೋ ಬ್ರೆಜಿಲ್‌ನಿಂದಲೋ ಕರೆತರುತ್ತವೆ. ನನ್ನಂಥ ಭಾರತೀಯನಿಗೆ ಕರೆ ಬಂದದ್ದು ಹಿಂದಿನ ಸಾಲಿಗೆ. ನಾನು ಮಾಲ್ದೀವ್ಸ್, ಭೂತಾನ್, ನೇಪಾಳ ದೇಶಗಳಲ್ಲಿ ಸ್ಟಾಪರ್ ಆಗಿ, ಅಂದರೆ ಗೋಲಿನ ಮುಂದೆ ನಡುಭಾಗವನ್ನು ಕಾಯುವ ಡಿಫೆಂಡರ್ ಆಗಿ ಆಡಿದೆ. ಅಲ್ಲಿ ತಿಳಿದುಕೊಂಡ ಕೆಲಸವನ್ನೂ ಅದರ ಹಿಂದಿನ ಕಾಗದಪತ್ರಗಳ ವ್ಯವಹಾರವನ್ನೂ ನಮ್ಮ ಭಾಗದ ಹುಡುಗರಿಗಾಗಿ ಬರೆದಿಡುತ್ತಿದ್ದೇನೆ.

ಡಿಫೆಂಡರ್‌ನ ಆಟವು ಒಬ್ಬನ ಆಟವಲ್ಲ. ಮುಂದಿನ ಸಾಲಿನವನು ತಂಡಕ್ಕೆ ಬಂದ ಮೊದಲ ವಾರದಲ್ಲೇ ತನ್ನ ಕಾಲಿನ ಚಳಕದಿಂದ ಒಂದು ಗೋಲು ಹೊಡೆದು ಹೆಸರು ಮಾಡಬಹುದು. ಆದರೆ ಸ್ಟಾಪರ್‌ನ ಲೆಕ್ಕಾಚಾರವೆಲ್ಲ ಪಕ್ಕದ ಸ್ಟಾಪರ್, ಎರಡೂ ಬದಿಯ ಬ್ಯಾಕ್‌ಗಳು ಮತ್ತು ಹಿಂದಿರುವ ಗೋಲ್‌ಕೀಪರ್ ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ. ದೇಶ ಬದಲಾಯಿಸಿದಾಗ ನನ್ನ ಹೆಡರ್ (ತಲೆಯಿಂದ ಚೆಂಡು ಹೊಡೆಯುವುದು) ಮತ್ತು ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು) ನನ್ನ ಜೊತೆಗೇ ಬಂದವು, ಆದರೆ ಪಕ್ಕದವನ ಜೊತೆಗಿನ ಹೊಂದಾಣಿಕೆಯನ್ನು ಪ್ರತಿ ಸಲವೂ ಹೊಸದಾಗಿಯೇ ಕಟ್ಟಬೇಕಾಯಿತು. ಹೊರದೇಶದಲ್ಲಿ ಆಡುವ ಡಿಫೆಂಡರ್‌ನ ನಿಜವಾದ ಕಷ್ಟ ಇದೇ ಎಂಬುದು ನನ್ನ ಅಭಿಪ್ರಾಯ.

ಇದರ ತಳಹದಿ ಬೆಳಗಾವಿಯಲ್ಲೇ ಬಿದ್ದಿತ್ತು. ಕ್ಯಾಂಪ್ ಭಾಗದಲ್ಲಿಯೂ ತಿಲಕವಾಡಿಯ ಲೇಲೆ ಮೈದಾನದಲ್ಲಿಯೂ ಮಳೆಗಾಲ ಬಂದಿತೆಂದು ನಾವು ಆಟ ನಿಲ್ಲಿಸುತ್ತಿರಲಿಲ್ಲ. ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಚೆಂಡು ಎಲ್ಲಿ ಕೆಸರಿಗೆ ಸಿಕ್ಕಿ ನಿಲ್ಲುತ್ತದೆ, ಎಲ್ಲಿ ನೀರಿನ ಮೇಲೆ ಜಾರಿ ಓಡುತ್ತದೆ ಎಂಬ ಅಂದಾಜಿಲ್ಲದವನು ಹಿಂದಿನ ಸಾಲಿನಲ್ಲಿ ಉಳಿಯುತ್ತಿರಲಿಲ್ಲ. ನಮ್ಮ ತಂಡದಲ್ಲಿ ಗೋಲ್‌ಕೀಪರ್ ಮರಾಠಿಯಲ್ಲಿ ಕೂಗುತ್ತಿದ್ದ, ಬಲಬದಿಯ ಬ್ಯಾಕ್ ಉರ್ದುವಿನಲ್ಲಿ ಉತ್ತರಿಸುತ್ತಿದ್ದ, ನಾನು ಕನ್ನಡದಲ್ಲಿ ಕರೆಯುತ್ತಿದ್ದೆ. ಮಾತು ಯಾವುದಾದರೂ ಸರಿ, ದನಿಯ ಏರಿಳಿತದಿಂದಲೇ ಅಪಾಯ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವ ಅಭ್ಯಾಸ ಅಲ್ಲಿಯೇ ಬೆಳೆಯಿತು. ನಮಗೆ ಕಲಿಸುತ್ತಿದ್ದ ಹಿರಿಯರೊಬ್ಬರು, ಎದುರಾಳಿ ಚೆಂಡು ಹಿಡಿದು ಮೈಮೇಲೆ ಬಂದಾಗಲೆಲ್ಲ, “ಕಾಲ್ ನೋಡಬ್ಯಾಡೋ ತಮ್ಮಾ, ಅವನ ನಡಾ ನೋಡು. ಕಾಲು ಸುಳ್ಳ ಹೇಳತಾವ, ನಡಾ ಹೇಳಂಗಿಲ್ಲ” ಎಂದು ಗೆರೆಯಾಚೆಯಿಂದ ಕೂಗುತ್ತಿದ್ದರು. ಕಾಲನ್ನು ಚೆಂಡಿನ ಮೇಲೆ ಎಷ್ಟು ಸಲ ಬೇಕಾದರೂ ಆಡಿಸಬಹುದು, ಆದರೆ ಸೊಂಟ ತಿರುಗದೆ ಯಾರೂ ದಿಕ್ಕು ಬದಲಿಸಲಾರರು. ಆ ಮಾತನ್ನು ನಾನು ಆಡಿದ ಪ್ರತಿಯೊಂದು ದೇಶದಲ್ಲಿಯೂ ಬಳಸಿದ್ದೇನೆ.

ಬೆಳಗಾವಿಯ ಆಟಗಾರನಿಗೆ ಬೆಂಗಳೂರಿಗಿಂತ ಗೋವಾ ಹತ್ತಿರ. ಚೋರ್ಲಾ ಘಾಟಿ ಇಳಿದರೆ ಡೆಂಪೊ, ಸಾಲಗಾಂವಕರ್, ಚರ್ಚಿಲ್ ಬ್ರದರ್ಸ್ ಕ್ಲಬ್‌ಗಳು ಬೆಳೆದ ನೆಲ ಸಿಗುತ್ತದೆ. 2007-08ರಲ್ಲಿ ಭಾರತದ ಅಂದಿನ ಅತ್ಯುನ್ನತ ಕ್ಲಬ್ ಲೀಗ್ ಆದ ಐ-ಲೀಗ್ ಆರಂಭವಾದಾಗ ಮೊದಲ ಪ್ರಶಸ್ತಿ ಗೆದ್ದದ್ದು ಡೆಂಪೊ. ನಾನು ಅಲ್ಲಿನ ಒಂದು ಸಣ್ಣ ಕ್ಲಬ್‌ನಲ್ಲಿ ಸಂಬಳದ ಆಟಗಾರನಾದೆ, ಮತ್ತು ಸಾಲು ಕಟ್ಟುವ ಕೆಲಸವನ್ನು ಶಾಸ್ತ್ರೋಕ್ತವಾಗಿ ಕಲಿತೆ.

ಆ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ವರು ಡಿಫೆಂಡರ್‌ಗಳು ಒಂದು ಹಗ್ಗಕ್ಕೆ ಕಟ್ಟಿದವರಂತೆ ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಸರಿಯಬೇಕು. ಎದುರಾಳಿ ಚೆಂಡನ್ನು ತನ್ನ ಗೋಲಿನ ಕಡೆಗೆ ಹಿಂದಕ್ಕೆ ಪಾಸ್ ಮಾಡಿದರೆ ಚೆಂಡು ಉರುಳುತ್ತಿರುವಷ್ಟು ಹೊತ್ತೂ ನಾವು ಮುಂದೆ ನಡೆಯುತ್ತೇವೆ, ಏಕೆಂದರೆ ಆ ಹೊತ್ತಿನಲ್ಲಿ ಯಾರೂ ನಮ್ಮ ಬೆನ್ನ ಹಿಂದೆ ಉದ್ದನೆಯ ಚೆಂಡನ್ನು ಹಾಕಲಾರರು. ಚೆಂಡು ಹಿಡಿದವನ ಮೇಲೆ ನಮ್ಮವರ ಒತ್ತಡವಿಲ್ಲದೆ ಅವನು ತಲೆ ಎತ್ತಿ ದೂರ ನೋಡಿದನೆಂದರೆ, ಅವನು ಕಾಲು ಬೀಸುವ ಮೊದಲೇ ನಾವು ಪಕ್ಕಕ್ಕೆ ಮೈ ತಿರುಗಿಸಿ ಹಿಂದಕ್ಕೆ ಹೊರಟಿರಬೇಕು. ಆಕ್ರಮಣಕಾರ ನಮ್ಮ ಸಾಲನ್ನು ದಾಟಿ ನಿಂತು ಪಾಸ್ ಪಡೆಯುವ ತಪ್ಪೇ ಆಫ್‌ಸೈಡ್. ಅದು ನಿರ್ಧಾರವಾಗುವುದು ಅವನ ಜೊತೆಗಾರ ಚೆಂಡನ್ನು ಆಡಿದ ಕ್ಷಣದಲ್ಲಿ. ಗೋಲ್‌ಕೀಪರ್‌ನನ್ನೂ ಸೇರಿಸಿ ನಮ್ಮಲ್ಲಿ ಕೊನೆಯಿಂದ ಎರಡನೆಯವನ ಸಮಕ್ಕೆ ನಿಂತಿದ್ದರೂ ಆಕ್ರಮಣಕಾರ ಆಫ್‌ಸೈಡ್ ಆಗುವುದಿಲ್ಲ. ಆದ್ದರಿಂದ ನಾಲ್ವರಲ್ಲಿ ಒಬ್ಬನು ಒಂದು ಹೆಜ್ಜೆ ತಡಮಾಡಿದರೂ ಉಳಿದ ಮೂವರ ಶ್ರಮ ವ್ಯರ್ಥವಾಗುತ್ತದೆ. ‘ಮುಂದೆ’ ಮತ್ತು ‘ಹಿಂದೆ’ ಎಂಬ ಆಜ್ಞೆ ಕೊಡುವವನು ಒಬ್ಬನೇ ಇರಬೇಕು, ಸಾಮಾನ್ಯವಾಗಿ ಅವನು ಸ್ಟಾಪರ್.

ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಆ ಅಧಿಕಾರ ನನಗೆ ತಾನಾಗಿ ಸಿಗಲಿಲ್ಲ. ಭಾಷೆ ಬಾರದ ಹೊಸಬ ಕೂಗಿದರೆ ಕೇಳುವವರು ಯಾರು? ಅಭ್ಯಾಸ ಮುಗಿದ ಮೇಲೆ ಎಡಬದಿಯ ಬ್ಯಾಕ್‌ನನ್ನೂ ಗೋಲ್‌ಕೀಪರ್‌ನನ್ನೂ ಉಳಿಸಿಕೊಂಡು, ಅಲ್ಲಿನ ಭಾಷೆಯಾದ ಧಿವೇಹಿಯಲ್ಲಿ ಮೈದಾನದಲ್ಲಿ ಬೇಕಾಗುವ ಕೆಲವೇ ಮಾತುಗಳನ್ನು ಅವರಿಂದ ಹೇಳಿಸಿಕೊಂಡು, ಆ ಮಾತು ಕೇಳಿದೊಡನೆ ಮೂವರೂ ಒಟ್ಟಿಗೆ ಹೆಜ್ಜೆ ಇಡುವುದನ್ನು ಚೆಂಡಿಲ್ಲದೆಯೇ ಮತ್ತೆ ಮತ್ತೆ ಮಾಡಿದೆ. ಮಾಲೆ ಬಹಳ ಚಿಕ್ಕ ದ್ವೀಪ. ಲೀಗಿನ ಪಂದ್ಯಗಳು ಹೆಚ್ಚಾಗಿ ಒಂದೇ ರಾಷ್ಟ್ರೀಯ ಮೈದಾನದಲ್ಲಿ ನಡೆಯುತ್ತಿದ್ದುದರಿಂದ ಮುಂದಿನ ಪಂದ್ಯದ ಎದುರಾಳಿಗಳು ಈ ದಿನದ ಪಂದ್ಯವನ್ನು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದರು. ಸ್ಟಾಪರ್ ಯಾವ ಕಾಲಿನಲ್ಲಿ ದುರ್ಬಲ, ಯಾವ ಬದಿಗೆ ತಡವಾಗಿ ತಿರುಗುತ್ತಾನೆ ಎಂಬುದು ಊರಿಗೇ ಗೊತ್ತಾಗುತ್ತಿತ್ತು. ಆದಕಾರಣ ನಾನು ಎಡಗಾಲಿನ ಪಾಸ್‌ಗೆ ಪ್ರತಿದಿನ ಬೇರೆಯಾಗಿ ಸಮಯ ಕೊಟ್ಟೆ. ರಂಜಾನ್ ತಿಂಗಳಲ್ಲಿ ಅಭ್ಯಾಸ ರಾತ್ರಿಗೆ ಸರಿಯುತ್ತಿತ್ತು. ಉಪವಾಸವಿರುವ ಸಹ ಆಟಗಾರರ ಶಕ್ತಿ ಯಾವಾಗ ಕುಗ್ಗುತ್ತದೆ ಎಂದು ತಿಳಿದು, ಸಾಲನ್ನು ಎಷ್ಟು ಮುಂದೆ ಕಟ್ಟಬಹುದು ಎಂದು ನಿರ್ಧರಿಸುವುದೂ ನನ್ನ ಹೊಣೆಯಾಗಿತ್ತು.

ಭೂತಾನ್‌ನ ರಾಜಧಾನಿ ಥಿಂಫು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆ. ಉದ್ದನೆಯ ಚೆಂಡು ನಮ್ಮ ಕಣ್ಣಿನ ಅಂದಾಜಿಗಿಂತ ಮುಂದೆ ಹೋಗಿ ಬೀಳುತ್ತದೆ. ಹೆಡರ್‌ಗೆ ಹಾರುವ ಮೊದಲು ನಾನು ರೂಢಿಗಿಂತ ಎರಡು ಹೆಜ್ಜೆ ಹಿಂದೆ ನಿಲ್ಲಲು ಆರಂಭಿಸಿದ ಮೇಲೆಯೇ ತಲೆಯ ಮೇಲಿಂದ ದಾಟುವ ಚೆಂಡುಗಳು ನನಗೆ ಸಿಗತೊಡಗಿದವು. ಚಾಂಗ್ಲಿಮಿಥಾಂಗ್ ಮೈದಾನದ ಕೃತಕ ಹುಲ್ಲಿನ ಮೇಲೆ ಜಾರಿ ಟ್ಯಾಕಲ್ ಮಾಡಿದರೆ ತೊಡೆಯ ಚರ್ಮ ಕಿತ್ತು ಬರುತ್ತದೆ, ಹೀಗಾಗಿ ನಿಂತುಕೊಂಡೇ ಎದುರಾಳಿಯನ್ನು ಬದಿಗೆರೆಯ ಕಡೆಗೆ ತಳ್ಳುತ್ತಾ ಹೋಗುವ ಆಟವನ್ನು ಅಲ್ಲಿ ರೂಢಿಸಿಕೊಂಡೆ. 2002ರ ಜೂನ್ 30ರಂದು, ವಿಶ್ವಕಪ್ ಫೈನಲ್ ನಡೆದ ದಿನವೇ, ಅಂದಿನ ವಿಶ್ವ ಶ್ರೇಯಾಂಕದ ಕೊನೆಯ ಎರಡು ತಂಡಗಳಾಗಿದ್ದ ಭೂತಾನ್ ಮತ್ತು ಮಾಂಟ್ಸೆರಾಟ್ ಆಡಿದ್ದು ಈ ಮೈದಾನದಲ್ಲೇ. ಭೂತಾನ್ 4-0ಯಿಂದ ಗೆದ್ದ ಆ ಪಂದ್ಯದ ಬಗ್ಗೆ ಅಲ್ಲಿನ ಹಿರಿಯರು ಇಂದಿಗೂ ಅಭಿಮಾನದಿಂದ ಮಾತನಾಡುತ್ತಾರೆ.

ಕಠ್ಮಂಡುವಿನಲ್ಲಿ ಎತ್ತರ ಅಷ್ಟು ಕಾಡಲಿಲ್ಲ, ಜನಸಂದಣಿಯ ಗದ್ದಲ ಕಾಡಿತು. ಪ್ರೇಕ್ಷಕರು ತುಂಬಿದಾಗ ಹತ್ತು ಗಜ ದೂರದ ಸಹ ಆಟಗಾರನಿಗೂ ದನಿ ತಲುಪುವುದಿಲ್ಲ. ಅಲ್ಲಿ ಕೈಸನ್ನೆಗಳನ್ನು ಗೊತ್ತುಮಾಡಿಕೊಂಡೆವು, ಮತ್ತು ಚೆಂಡು ದೂರವಿದ್ದಾಗಲೆಲ್ಲ ಒಬ್ಬರನ್ನೊಬ್ಬರು ತಿರುಗಿ ನೋಡುವುದನ್ನು ಕಡ್ಡಾಯ ಮಾಡಿಕೊಂಡೆವು. ಅದೇ ಸುಮಾರಿಗೆ, 2019ರಲ್ಲಿ, ಗೋಲ್ ಕಿಕ್‌ನ, ಅಂದರೆ ಎದುರಾಳಿಯಿಂದ ಚೆಂಡು ನಮ್ಮ ಗೋಲಿನ ಗೆರೆಯಾಚೆ ಹೋದಾಗ ನಾವು ಹೊಡೆಯುವ ಒದೆತದ, ನಿಯಮವೂ ಬದಲಾಯಿತು. ಚೆಂಡು ಗೋಲಿನ ಮುಂದಿನ ಪೆನಾಲ್ಟಿ ಪ್ರದೇಶದಿಂದ ಹೊರಬರುವ ತನಕ ಕಾಯಬೇಕಿಲ್ಲ, ಸ್ಟಾಪರ್ ಅದರೊಳಗೇ ನಿಂತು ಪಾಸ್ ಪಡೆಯಬಹುದು. ಕೀಪರ್‌ನ ಪಕ್ಕದಲ್ಲಿ ನಿಂತು, ಎದುರಾಳಿ ಮೈಮೇಲೆ ಓಡಿಬರುತ್ತಿರುವಾಗ ಮೊದಲ ಸ್ಪರ್ಶದಲ್ಲೇ ಚೆಂಡನ್ನು ಸರಿಯಾದ ಬದಿಗೆ ತಿರುಗಿಸಲು ಬಾರದವನಿಗೆ ಇನ್ನು ಮುಂದೆ ಹಿಂದಿನ ಸಾಲಿನಲ್ಲಿ ಕೆಲಸವಿಲ್ಲ ಎಂದೇ ನಾನು ಹೇಳುತ್ತೇನೆ.

ಇನ್ನು ಕಾಗದಪತ್ರಗಳ ವಿಷಯ. ನೇಪಾಳಕ್ಕೆ ಹೋಗಲು ಭಾರತೀಯನಿಗೆ ವೀಸಾ ಬೇಡ, ಆದರೆ ಅಲ್ಲಿ ಆಡಲು ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ, ಅಂದರೆ ಐಟಿಸಿ, ಬೇಕೇ ಬೇಕು. 2010ರ ಅಕ್ಟೋಬರ್‌ನಿಂದ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಗಣಕ ವ್ಯವಸ್ಥೆಯ ಮೂಲಕವೇ ಒಂದು ದೇಶದ ಒಕ್ಕೂಟ ಇನ್ನೊಂದಕ್ಕೆ ಇದನ್ನು ಕಳುಹಿಸಬೇಕು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ವೈದ್ಯಕೀಯ ಪರೀಕ್ಷೆಯ ನೆಪ ಹೇಳಿ ಅದನ್ನು ರದ್ದುಮಾಡಲು ಕ್ಲಬ್‌ಗೆ ಅವಕಾಶವಿಲ್ಲ. ಪರೀಕ್ಷೆಯನ್ನು ಸಹಿಗೆ ಮೊದಲೇ ಮಾಡಿಸಿಕೊಳ್ಳಬೇಕು. ಗಾಯದ ಚಿಕಿತ್ಸೆಯ ಖರ್ಚು ಯಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳುವುದು ಡಿಫೆಂಡರ್‌ಗೆ ಸಂಬಳದಷ್ಟೇ ಮುಖ್ಯ. ಭಾರತದ ಹೆಸರಾಂತ ಸ್ಟಾಪರ್ ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾದ ಷಿಬೆನಿಕ್ ಕ್ಲಬ್‌ಗೆ ಸೇರಿದಾಗ ನಾವೆಲ್ಲ ಎಷ್ಟೊಂದು ಸಂತೋಷಪಟ್ಟಿದ್ದೆವು. ಗಾಯದಿಂದಾಗಿ ಅಲ್ಲಿ ಒಂದೂ ಅಧಿಕೃತ ಪಂದ್ಯವಾಡದೆ 2022ರ ಜನವರಿಯಲ್ಲಿ ಅವರು ಮರಳಬೇಕಾಯಿತು.

ಒಂದು ಕ್ಲಬ್ ನನಗೆ ಸಂಬಳವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. 2018ರ ಜೂನ್‌ನಿಂದ ಜಾರಿಯಾದ ಫಿಫಾ ನಿಯಮದ ಪ್ರಕಾರ, ಕನಿಷ್ಠ ಎರಡು ತಿಂಗಳ ಸಂಬಳ ಬಾಕಿಯಿದ್ದರೆ ಆಟಗಾರನು ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನಗಳ ಗಡುವು ನೀಡಿ, ಆಗಲೂ ಹಣ ಬಾರದಿದ್ದರೆ ನ್ಯಾಯಸಮ್ಮತವಾಗಿ ಒಪ್ಪಂದವನ್ನು ಮುರಿಯಬಹುದು. ನಾನು ಇಂಗ್ಲಿಷಿನಲ್ಲಿ ನೋಟಿಸ್ ಬರೆಸಿ, ದಿನಾಂಕ ಹಾಕಿ, ಇಮೇಲ್ ಮೂಲಕ ಕಳುಹಿಸಿ ಪ್ರತಿಯನ್ನು ಇಟ್ಟುಕೊಂಡೆ. ಗಡುವಿನೊಳಗೆ ಬಾಕಿ ಬಂದಿತು. ಬಾಯಿಮಾತಿನಲ್ಲಿ ಕೇಳುತ್ತ ಕುಳಿತಿದ್ದರೆ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಈಗ ಬೆಳಗಾವಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೇನೆ. ಹುಡುಗನು 12ನೇ ವಯಸ್ಸಿನಿಂದ ಯಾವ ಕ್ಲಬ್‌ನಲ್ಲಿ ನೋಂದಾಯಿತನಾಗಿದ್ದ ಎಂಬ ದಾಖಲೆಯೇ ಮುಂದೆ ಅವನ ಆಟಗಾರ ಪಾಸ್‌ಪೋರ್ಟ್ ಆಗುತ್ತದೆ. ಅವನು ಹಣದ ವರ್ಗಾವಣೆಯಲ್ಲಿ ಹೊರದೇಶಕ್ಕೆ ಹೋದರೆ, ಆ ಮೊತ್ತದ ಶೇ 5ರಷ್ಟನ್ನು 12ರಿಂದ 23ನೇ ವಯಸ್ಸಿನ ನಡುವೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕೆಂಬ ನಿಯಮವಿದೆ. ನನ್ನ ಪಾಸ್‌ಪೋರ್ಟ್ ಗೋವಾದಿಂದ ಆರಂಭವಾಗುತ್ತದೆ. ನನ್ನನ್ನು ಕೆಸರಿನಲ್ಲಿ ನಿಲ್ಲಿಸಿ ಕಲಿಸಿದ ತಂಡದ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕಾಗಿಯೇ ಪ್ರತಿವರ್ಷ ಮಳೆಗಾಲದ ಟೂರ್ನಿಗಳಿಗೆ ಮೊದಲು ಮಕ್ಕಳ ಜನನ ಪ್ರಮಾಣಪತ್ರ, ಆಧಾರ್ ಮತ್ತು ಫೋಟೊಗಳನ್ನು ಪಾಲಕರಿಂದ ತರಿಸಿಕೊಂಡು, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಹೆಸರನ್ನೂ ಸೇರಿಸಿದ ಮೇಲೆಯೇ ಅವರನ್ನು ಪಂದ್ಯಕ್ಕೆ ಇಳಿಸುತ್ತೇನೆ.