ಒಡ್ಡೋ, ಅಗಳೋ, ಕರಿಕಲ್ಲೋ

ಅಂತರ್ಜಲದ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ ‘ಡೈಕ್’ ಎಂಬ ಪದ ಬಂದಲ್ಲೆಲ್ಲ ‘ಒಡ್ಡು’ ಎಂದು ಬರೆದುಬಿಟ್ಟಿದ್ದೆ. ಹಾಲೆಂಡಿನ ಪಾಠ ಓದಿ ಬೆಳೆದವನಿಗೆ ಡೈಕ್ ಎಂದರೆ ಕಡಲನ್ನು ತಡೆಯುವ ಮಣ್ಣಿನ ಏರಿ. ಕರಡು ಓದಿದ ಭೂವಿಜ್ಞಾನಿ ಗೆಳೆಯರು, “ಈ ಒಡ್ಡನ್ನು ಕಟ್ಟಿದವರು ಯಾರು?” ಎಂದು ಕೇಳಿದರು. ಯಾರೂ ಕಟ್ಟಿರಲಿಲ್ಲ.

ಮುಂದಿನ ಭಾನುವಾರ ಅವರೇ ನನ್ನನ್ನು ಹಾರೋಹಳ್ಳಿ ಕಡೆಗೆ ಕರೆದುಕೊಂಡು ಹೋದರು. ಬೂದು ಬಣ್ಣದ ಹಳೆಯ ಬಂಡೆಯನ್ನು ಸೀಳಿಕೊಂಡು ಹೋದ ಕಪ್ಪು ಪಟ್ಟೆಯೇ ಡೈಕ್. ಭೂಮಿಯ ಆಳದ ಶಿಲಾರಸ ಬಿರುಕಿಗೆ ನುಗ್ಗಿ ಅಲ್ಲೇ ಆರಿ ಗಟ್ಟಿಯಾದದ್ದು. ಆ ಭಾಗದ ಕೆಲವು ಡೈಕುಗಳಿಗೆ ಸುಮಾರು 237 ಕೋಟಿ ವರ್ಷ ವಯಸ್ಸು. ಚಾಮರಾಜನಗರದಿಂದ ಹೊಳಪು ಹಾಕಿಸಿಕೊಂಡು ಹೋಗುವ ‘ಕಪ್ಪು ಗ್ರಾನೈಟ್’ ಕೂಡ ಇಂಥ ಡೈಕುಗಳ ಡಾಲರೈಟ್ ಕಲ್ಲೇ. ಅಲ್ಲೊಬ್ಬ ರೈತರು ಎರಡು ಬಾವಿ ತೋರಿಸಿದರು. ಕರಿಕಲ್ಲಿನ ಮೇಲ್ಗಡೆಯದರಲ್ಲಿ ನೀರಿತ್ತು, ಕೆಳಗಡೆಯದು ಬತ್ತಿತ್ತು. ನೆಲದೊಳಗೆ ಹರಿದು ಬರುವ ನೀರಿಗೆ ಆ ಕಲ್ಲು ಅಡ್ಡಗೋಡೆಯಾಗಿ ನಿಂತಿತ್ತು. ನನ್ನ ‘ಒಡ್ಡು’ ಅಚ್ಚಾಗಿದ್ದರೆ ಓದಿದವರು ಹೊಲದ ಮೇಲೆ ಮಣ್ಣಿನ ದಿಬ್ಬ ಹುಡುಕುತ್ತಿದ್ದರು. ‘ಡೈಕ್’ ಎಂದೇ ಉಳಿಸಿ, ಮೊದಲ ಸಲ ಬಂದ ಕಡೆ ‘ಬಂಡೆಯನ್ನು ಸೀಳಿ ನಿಂತ ಕರಿಕಲ್ಲಿನ ಗೋಡೆ’ ಎಂದು ವಿವರಿಸಿದೆ.

ಅಂದಿನಿಂದ ಈ ಪದ ಬಂದಾಗಲೆಲ್ಲ ಮೊದಲು ನೆಲ ನೋಡುತ್ತೇನೆ, ಆಮೇಲೆ ನಿಘಂಟು. ವೇಲ್ಸ್ ಗಡಿಯ ‘ಆಫಾಸ್ ಡೈಕ್’ ಎಂಟನೆಯ ಶತಮಾನದ್ದು ಎನ್ನುತ್ತಾರೆ. ಅದರಲ್ಲಿ ದಿಬ್ಬವೂ ಇದೆ, ಕಂದಕವೂ ಇದೆ. ಹಳೆಯ ಇಂಗ್ಲಿಷಿನ ಒಂದೇ ಬೇರಿನಿಂದ ‘ಡಿಚ್’, ‘ಡೈಕ್’ ಎರಡೂ ಕವಲೊಡೆದಿವೆ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಅಗಳ ತೋಡುವುದನ್ನು ಕಂಡವರಿಗೆ ಇದು ವಿಚಿತ್ರ ಎನಿಸದು. ತೋಡಿದಲ್ಲಿ ಕಂದಕ, ಮಣ್ಣೆಸೆದಲ್ಲಿ ದಿಬ್ಬ. ಸ್ಕಾಟ್ಲೆಂಡಿನಲ್ಲಿ ಮಾತ್ರ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಯೂ ಡೈಕೇ.

ಡಚ್ಚರ ಡೈಕಿಗೆ ‘ಕಡಲ ಒಡ್ಡು’ ಎಂದೇ ಬರೆಯುತ್ತೇನೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದು ಕಗ್ಗ ಭತ್ತ ಬೆಳೆಯುವವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 1953ರ ಚಳಿಗಾಲದ ಒಂದು ರಾತ್ರಿ ಇಂಥ ಒಡ್ಡುಗಳು ಒಡೆದು ನೆದರ್ಲೆಂಡ್ಸಿನಲ್ಲಿ 1,836 ಜನ ಸತ್ತರು. ಆ ವಾಕ್ಯವನ್ನು ಅನುವಾದಿಸುವಾಗ ‘ದಿಬ್ಬ’ ಎಂಬ ಹಗುರ ಪದ ಬಳಸಲು ಮನಸ್ಸು ಒಪ್ಪಲಿಲ್ಲ.

ಕೊನೆಯದು ಗ್ರೀಕ್ ಪುರಾಣದ ಲೇಖನದಲ್ಲಿ ಸಿಕ್ಕಿತು. ಇಂಗ್ಲಿಷಿನಲ್ಲಿ ಅದೇ ನಾಲ್ಕು ಅಕ್ಷರ, ಆದರೆ ಅವಳು ದಿಕೇ, ಜ್ಯೂಸ್ ಮತ್ತು ಥೆಮಿಸರ ಮಗಳು, ನ್ಯಾಯದ ದೇವತೆ. ಮಣ್ಣಿಗೂ ಕಲ್ಲಿಗೂ ಅವಳು ಸಂಬಂಧಿಯಲ್ಲ. ‘ತೋರಿಸು’ ಎಂಬರ್ಥದ ಅವಳ ಮೂಲಧಾತು ಸಂಸ್ಕೃತದ ‘ದಿಶ್’ಗೂ ಮೂಲ. ನಮ್ಮ ‘ದಿಕ್ಕು’ ಬಂದದ್ದು ಅಲ್ಲಿಂದಲೇ. ಹೆಸರನ್ನು ಹಾಗೆಯೇ ಉಳಿಸಿ, ಅಡಿಟಿಪ್ಪಣಿಯಲ್ಲಿ ಈ ನಂಟನ್ನು ಬರೆದೆ.